ನೀರು ತೋರಿಸದ ಚಾಕು

ಟೋರ್-ಬುಲಾಕ್, ಸರೋವರದ ದಡ
ಜೂನ್ ೪, ೨೦೧೩

ತೆಶೆಬಾಯ್ ಅಣ್ಣಾ,

ಕಲ್ಲುಗಣಿಯಲ್ಲಿ ಸಿಡಿಮದ್ದಿನ ಪಕ್ಕ ನಿಂತು ಕಿವಿ ಕಳೆದುಕೊಂಡವನು ನೀನು, ಶಿಕ್ಷೆ ನನಗೆ. ಫೋನಿನಲ್ಲಿ ಎಷ್ಟು ಕಿರುಚಿದರೂ ‘ಹಾಂ ಹಾಂ, ಎಲ್ಲ ಆರಾಮ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಟ್ಯಾಕ್ಸಿಯ ಜಾನಿಬೆಕ್ ನಾಳೆ ಘಾಟಿ ದಾಟಿ ನಿಮ್ಮ ಕಡೆ ಬರುತ್ತಾನೆ. ಉತ್ತರವನ್ನು ಅವನ ಕೈಯಲ್ಲೇ ಕೊಡು.

ಏಪ್ರಿಲಿನಲ್ಲಿ ನೀನು ಬಂದು ನಮ್ಮ ಬೀದಿಯ ಸೇಬಿನ ಮರಗಳಿಗೆಲ್ಲ ಕಸಿ ಕಟ್ಟಿ ಹೋದೆಯಲ್ಲ, ಒಂದೂ ಹುಸಿ ಹೋಗಲಿಲ್ಲ. ಎಲ್ಲ ಚಿಗುರಿದವು. ಸತ್ತಾರ್ ತಾತ ಸಿಕ್ಕಿದವರಿಗೆಲ್ಲ, “ಕೈಗುಣ ಅಂದ್ರೆ ತೆಶೆಬಾಯ್‌ದು ಕಣ್ರೋ” ಎನ್ನುತ್ತಿದ್ದ. ನಾನೂ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ. ಹೋದ ವಾರ ಮಳೆ ಬಂತು. ಮಳೆ ನಿಂತ ಮೇಲೆ ನೋಡಿದರೆ ಸತ್ತಾರ್ ತಾತನ ಮರ ಕರಿಯಾಗಿದೆ. ಯಾರೋ ದೀವಟಿಗೆ ಹಿಡಿದು ಸುಟ್ಟ ಹಾಗೆ. ಎಲೆ ಉದುರುವುದಿಲ್ಲ, ಕಪ್ಪಾಗಿ ಜೋತು ಬಿದ್ದಿರುತ್ತದೆ; ಚಿಗುರಿನ ತುದಿ ಕುರುಬನ ಕೋಲಿನಂತೆ ಬಾಗಿದೆ; ತೊಗಟೆಯಿಂದ ಜೇನಿನ ಬಣ್ಣದ ಅಂಟು ಇಳಿಯುತ್ತಿದೆ. ಆಮೇಲೆ ಮೇಷ್ಟರ ಮನೆಯದು. ನಿನ್ನೆ ನಮ್ಮ ಬಾಗಿಲ ಮುಂದಿನವು.

ಇಡೀ ಬೀದಿಯಲ್ಲಿ ಹಸಿರಾಗಿ ನಿಂತಿರುವುದು ಸೋಪಿನ ಕಲಿಪಾಳ ಮರ ಒಂದೇ. ನೀನು ಮುಖ ಊದಿಸಿಕೊಂಡು ಅವಳ ಅಂಗಳದಿಂದ ಎದ್ದು ಬಂದೆಯಲ್ಲ, ಅದೇ ಕಲಿಪಾ. ಜನ ಆಡಿಕೊಳ್ಳಲು ಶುರು ಮಾಡಿದ್ದಾರೆ. ನಮ್ಮತ್ತೆ ಮನೆ ತುಂಬ ಅದಿರಾಶ್ಮಾನ್ ಸೊಪ್ಪಿನ ಹೊಗೆ ಹಾಕಿ ದೃಷ್ಟಿ ತೆಗೆದು ಕೆಮ್ಮುತ್ತ ಕೂತಿದ್ದಾಳೆ.

ಅಮ್ಮನ ಸೇಬಿಗೆ ಏನೂ ಆಗಿಲ್ಲ. ಕೊಟ್ಟಿಗೆಯ ಹಿಂದೆ ಕಾಯಿ ಹಿಡಿದು ನಿಂತಿದೆ. ‘ಇದನ್ನ ಈ ವರ್ಷ ಮುಟ್ಟೋದು ಬೇಡ’ ಎಂದು ನೀನು ಬಿಟ್ಟಿದ್ದೆ. ನಮ್ಮ ತೌರಿನ ಅಂಗಳ ಕೆಸರಿನ ಹೊಳೆಯಲ್ಲಿ ಕೊಚ್ಚಿಹೋದ ಮೇಲೆ ಆ ಜಾತಿ ಉಳಿದಿರುವುದು ಇದೊಂದರಲ್ಲೇ. ನನಗೆ ನಿದ್ದೆ ಬರುತ್ತಿಲ್ಲ. ಇದು ಏನು, ಏನು ಮಾಡಲಿ, ಬೇಗ ಬರಿ.

ಅನಾರ್‌ಕಾನ್


ಜಂಗಾಕ್-ಸಾಯ್
ಜೂನ್ ೧೫

ಅನಾರ್,

ಹೆದರುಪುಕ್ಕಲಿ. ಚಿಕ್ಕವಳಿದ್ದಾಗ ಟರ್ಕಿ ಕೋಳಿ ಕಂಡರೂ ನನ್ನ ಬೆನ್ನ ಹಿಂದೆ ಅಡಗುತ್ತಿದ್ದೆ, ಈಗಲೂ ಹಾಗೇ ಇದ್ದೀಯ. ಕಸಿ ಕೈ ಕೊಟ್ಟಿಲ್ಲ ಎಂದು ನೀನೇ ಬರೆದಿದ್ದೀಯ. ಕಸಿ ಕೂಡಿಕೊಂಡ ಮೇಲೆ ಮರ ಸಾಯುವುದಾದರೆ ಅದು ಹೊರಗಿನವರ ಕೆಲಸ. ಬುಡಕ್ಕೆ ಬಿಸಿ ಉಪ್ಪುನೀರು ಹುಯ್ದರೆ ಎಲೆ ಹೀಗೆಯೇ ಕಪ್ಪಾಗುತ್ತದೆ. ಆ ಕಲಿಪಾಳೇ ಹುಯ್ದಿರುತ್ತಾಳೆ.

ಅವಳು ನನಗೆ ಏನು ಹೇಳಿದಳು ಎಂದು ನಿನಗೆ ಪೂರ್ತಿ ಹೇಳಿರಲಿಲ್ಲ. ಬೀದಿಯವರೆಲ್ಲ ನಿಂತಿದ್ದಾರೆ, ನಾನು ಅವಳ ಮರದ ಕೊಂಬೆ ಹಿಡಿದಿದ್ದೇನೆ. ನನ್ನ ಕಿವಿಗೆ ಬಾಯಿ ಇಟ್ಟು ಕೂಗುತ್ತಾಳೆ: “ಮೊದ್ಲು ಆ ಚಾಕು ಕುದಿಯೋ ನೀರಿಗೆ ಹಾಕಪ್ಪಾ. ಆಮೇಲೆ ನನ್ನ ಮರ ಮುಟ್ಟು.” ನಾನೇನು ಕೋಳಿ ಪುಕ್ಕ ಕೀಳಲು ಬಂದಿದ್ದೆನೇ? ಅಜ್ಜನ ಕಾಲದ ಚಾಕು ಅದು. ಅಪ್ಪ ಸಾಯುವಾಗ ನನ್ನ ಕೈಗಿಟ್ಟು ಹೇಳಿದ್ದು ಒಂದೇ ಮಾತು, ಇದಕ್ಕೆ ನೀರು ತೋರಿಸಬೇಡ, ಕೈಗುಣ ತೊಳೆದುಹೋಗುತ್ತೆ ಎಂದು. ನಾನು ಇಂದಿನವರೆಗೂ ಟೋಪಿಯ ಅಂಚಿಗೆ ಒರೆಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಅವಳ ಚಹಾ ಕುಡಿಯದೆ ಎದ್ದೆ. ವಾಲ್‌ನಟ್ಟನ್ನೂ ಸೋಪು ಹಚ್ಚಿ ತೊಳೆಯುವ ಹೆಂಗಸಿಗೆ ಕಸಿಯ ಮರ್ಮ ಏನು ಗೊತ್ತು.

ನನ್ನ ಕೈ ಹೇಗಿದೆ ಎಂದು ತಿಳಿಯಬೇಕೇ? ನಿಮ್ಮಲ್ಲಿಗೆ ಬರುವ ಹಿಂದಿನ ದಿನ ಹೆದ್ದಾರಿಯ ಪಕ್ಕದ ಹೊಸ ತೋಟದಲ್ಲಿದ್ದೆ. ಯಾವುದೋ ದೇಶದಿಂದ ತರಿಸಿದ ಸಸಿಗಳು, ತೊಗಟೆ ಕಪ್ಪಾಗಿ ಕುಳಿ ಬಿದ್ದು ಅಂಟು ಸುರಿಸುತ್ತಿದ್ದವು. ಬೇರೆ ಯಾರೂ ಮುಟ್ಟಲು ಒಪ್ಪಿರಲಿಲ್ಲ. ನಾನು ಅವುಗಳ ತಲೆ ಹಾರಿಸಿ ಹೊಸ ಕಡ್ಡಿ ಕೂರಿಸಿ, ಅಲ್ಲಿಂದ ಸೀದಾ ನಿನ್ನ ಮನೆಗೆ ಬಂದೆ.

ಆಗಸ್ಟಿನಲ್ಲಿ ಕಣ್ಣುಕಸಿ ಹಾಕುವ ಕಾಲಕ್ಕೆ ಬರುತ್ತೇನೆ. ಅಮ್ಮನ ಸೇಬಿನಿಂದ ಮೊಗ್ಗಿನ ಕಣ್ಣು ತೆಗೆದು ನಿಮ್ಮ ಬೀದಿಯ ಪ್ರತಿ ಅಂಗಳದಲ್ಲೂ ಒಂದು ಸಸಿಗೆ ಹಾಕುತ್ತೇನೆ. ಆ ಜಾತಿ ಇನ್ನು ಸಾಯಬಾರದು. ಸತ್ತಾರನಿಗೆ ಹೇಳು, ಕುದುರೆ ಹಾಲಿನ ಕುಮಿಸ್ ಹುಳಿ ಬರಿಸಿ ಇಡಲಿ.

ತೆಶೆಬಾಯ್


ಟೋರ್-ಬುಲಾಕ್
ಜುಲೈ ೬

ಅಣ್ಣಾ,

ಆಗಸ್ಟಿನಲ್ಲಿ ಬರಬೇಡ.

ಛಾವಣಿ ಬಿಚ್ಚಿಸುತ್ತಿದ್ದೇವೆ. ಮನೆಯಲ್ಲಿ ಮಲಗಲು ಜಾಗವಿಲ್ಲ. ಜೆಕ್ಷೆನ್‌ನ ಅಕ್ಕಂದಿರು, ನನ್ನ ನಾದಿನಿಯರೆಲ್ಲ, ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದಾರೆ. ನಿನಗೂ ಬೆನ್ನು ನೋವು, ಅಷ್ಟು ದೂರ ಟ್ಯಾಕ್ಸಿಯಲ್ಲಿ ಕೂತು ಬರುವುದು ಬೇಡ. ಅಮ್ಮನ ಸೇಬು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷ ನೋಡೋಣ.

ಈ ವರ್ಷ ಅಲ್ಲಿಯೂ ಸ್ವಲ್ಪ ಸುಧಾರಿಸಿಕೋ. ಯಾರಾದರೂ ಕಸಿಗೆ ಕರೆದರೆ ಬೆನ್ನು ನೋವೆಂದು ಹೇಳಿಬಿಡು.

ಕಲಿಪಾಳ ವಿಷಯ ಕೆಟ್ಟಿದೆ. ನೀನು ಉಪ್ಪುನೀರು ಎಂದು ಬರೆದದ್ದನ್ನು ಜೆಕ್ಷೆನ್ ಸತ್ತಾರ್ ತಾತನಿಗೆ ಓದಿ ಹೇಳಿಬಿಟ್ಟ. ಅಂದಿನಿಂದ ಕಾಲುವೆಯ ನೀರಿನ ಸರದಿಯಲ್ಲಿ ಅವಳ ಪಾಲು ಕಟ್. ಬಕೆಟ್ಟು ಹೊತ್ತು ಸರೋವರದಿಂದ ತರುತ್ತಾಳೆ. ಯಾರೂ ಮಾತಾಡಿಸುವುದಿಲ್ಲ. ನಾನೂ ಮಾತಾಡಿಸಿಲ್ಲ.

ತುರ್ಸುನಾಯ್ ಅತ್ತಿಗೆಗೆ ಒಣ ಏಪ್ರಿಕಾಟ್ ಕಳಿಸಿದ್ದೇನೆ.

ಅನಾರ್


ಜಂಗಾಕ್-ಸಾಯ್
ಜುಲೈ ೨೦

ಅನಾರ್‌ಕಾನ್‌ಗೆ,

ನಿನ್ನ ಕಾಗದವನ್ನು ನಿನ್ನ ಅತ್ತಿಗೆ ಮೂರು ಸಲ ಓದಿಸಿಕೊಂಡಳು. ಕಡೆಗೆ ಸನ್ನೆ ಮಾಡಿ ಕೇಳಿದಳು, ಏನ್ ತಪ್ಪು ಮಾಡಿದ್ವಿ ನಾವು ಅಂತ. ನನಗೂ ಗೊತ್ತಿಲ್ಲ.

ಛಾವಣಿಯಂತೆ. ಜಾನಿಬೆಕ್‌ನನ್ನು ಕೇಳಿದೆ, ಬೆರಳಲ್ಲಿ ಗಾಳಿಯಲ್ಲೇ ನಿಮ್ಮ ಮನೆ ಬರೆದು ತೋರಿಸಿದ, ಛಾವಣಿ ಛಾವಣಿಯ ಹಾಗೇ ಇದೆ. ಸುಳ್ಳು ಹೇಳುವುದನ್ನಾದರೂ ನೀಟಾಗಿ ಹೇಳು. ನನಗೆ ಬೆನ್ನು ನೋವು ಇದೆಯೆಂದು ನಿನಗೆ ಯಾರು ಹೇಳಿದರು?

ಎರಡು ಕಾರಣ ಇರಬಹುದು. ಗಂಡನ ಅಕ್ಕಂದಿರ ಎದುರು ಈ ಕಿವುಡ ಅಣ್ಣ ‘ಹಾಂ? ಹಾಂ?’ ಎಂದು ಬಾಯಿ ತೆರೆದು ಕೂರುವುದು ನಿನಗೆ ನಾಚಿಕೆ. ಇಲ್ಲ, ಅಮ್ಮನ ಸೇಬು ನಿನ್ನದೊಬ್ಬಳದೇ ಆಗಿಬಿಟ್ಟಿದೆ. ಅದರ ಕಡ್ಡಿಯನ್ನು ನಿನ್ನ ಮದುವೆಯ ವರ್ಷ ಒಣಗದಂತೆ ಆಲೂಗಡ್ಡೆಗೆ ಚುಚ್ಚಿ, ಎದೆಗೆ ಅವುಚಿಕೊಂಡು ಹಿಮದ ಘಾಟಿ ದಾಟಿಸಿ ತಂದು ಕಟ್ಟಿದವನು ನಾನು. ನೀನು ತೌರಿಗಾಗಿ ಅಳುತ್ತಿದ್ದೆ ಎಂದು ತಂದೆ. ನನ್ನ ಅಂಗಳದಲ್ಲಿ ಅದರ ಒಂದು ಕೊಂಬೆ ಇಲ್ಲ. ಕೇಳಿದ್ದು ಒಂದು ಹಿಡಿ ಕಣ್ಣು.

ಇಲ್ಲಿ ನಮ್ಮ ಮೂಲೆಯ ಎರಡು ಮರಗಳೂ ಬಾಡಿವೆ. ಬಿಸಿಗಾಳಿ. ನಾನು ನಿನ್ನಂತೆ ಎದೆ ಬಡಿದುಕೊಳ್ಳುತ್ತಿಲ್ಲ.

ಆಗಸ್ಟ್ ನಡುವಿನಲ್ಲಿ ಬಂದೇ ಬರುತ್ತೇನೆ. ಸತ್ತಾರನಿಗೆ ಮಾತು ಕೊಟ್ಟಿದ್ದೇನೆ, ಅವನ ಮನೆಯಲ್ಲೇ ಮಲಗುತ್ತೇನೆ. ನಿನ್ನ ಹೊಸಿಲು ತುಳಿಯುವುದಿಲ್ಲ. ಕೊಟ್ಟಿಗೆ ಹಿಂದಿನ ಗೋಡೆ ಹಾರಿ ಕಣ್ಣು ತೆಗೆದುಕೊಂಡು ಹೋಗುತ್ತೇನೆ, ಕಳ್ಳನ ಹಾಗೆ.

ತೆಶೆಬಾಯ್


ಟೋರ್-ಬುಲಾಕ್
ಆಗಸ್ಟ್ ೧, ಗುರುವಾರ

ಅಣ್ಣಾ, ಕೂತುಕೊಂಡು ಓದು.

ಛಾವಣಿ ಸುಳ್ಳು. ನಾದಿನಿಯರು ಬಂದದ್ದೂ ಸುಳ್ಳು. ನೀನು ನನಗೆ ಯಾವತ್ತೂ ನಾಚಿಕೆಯಲ್ಲ, ಆ ಮಾತು ಬರೆಯಲು ನಿನಗೆ ಕೈ ಹೇಗೆ ಬಂತು.

ಜೂನ್ ಕೊನೆಗೆ ಜಿಲ್ಲೆಯಿಂದ ಗಿಡದ ಡಾಕ್ಟರು ಬಂದಿದ್ದಳು, ನಮ್ಮ ಹುಡುಗಿ ಬೂರುಲ್‌ಗಿಂತ ಸ್ವಲ್ಪ ದೊಡ್ಡವಳು. ಕೊಂಬೆ ಕತ್ತರಿಸಿ ನೋಡಿದಳು. ಇದು ಉಪ್ಪುನೀರಲ್ಲ, ದೃಷ್ಟಿಯಲ್ಲ, ಕಾಯಿಲೆ ಎಂದಳು. ಸುಟ್ಟ ಹಾಗೆ ಕಾಣುವುದರಿಂದ ಬೆಂಕಿರೋಗ ಎನ್ನುತ್ತಾರಂತೆ. ಹೊರಗಿನ ಸಸಿಗಳ ಜೊತೆ ಬಂದಿದೆ. ಸೇಬು, ಮರಸೇಬುಗಳಿಗೆ ಬರುತ್ತದೆ, ಏಪ್ರಿಕಾಟಿಗೆ ಇಲ್ಲ. ಮಳೆಯಲ್ಲಿ ಹರಡುತ್ತದೆ, ಜೇನುಹುಳದಿಂದ ಹರಡುತ್ತದೆ. ಆಮೇಲೆ ನನ್ನ ಮುಖ ನೋಡಿ, “ಚಾಕುವಿಂದ ಎಲ್ಲಕ್ಕಿಂತ ಬೇಗ ಹರಡುತ್ತೆ ಅಕ್ಕಾ. ಕಾಯಿಲೆ ಮರ ಕೊಯ್ದು ತೊಳೀದೆ ಇನ್ನೊಂದು ಮರ ಕೊಯ್ದರೆ ಮುಗೀತು. ಈ ಬೀದೀಲಿ ಕಸಿ ಕಟ್ಟಿದ್ಯಾರು?” ಎಂದು ಕೇಳಿದಳು.

ಗೊತ್ತಿಲ್ಲ ಎಂದೆ.

ಅವಳು ಹೋದ ಮೇಲೆ ಒಲೆಯ ಮುಂದೆ ಕೂತು ಆ ದಿನವನ್ನು ಜ್ಞಾಪಿಸಿಕೊಂಡೆ. ನೀನು ಮೊದಲು ಸತ್ತಾರ್ ತಾತನ ಮನೆಯಲ್ಲಿ ಕಸಿ ಕಟ್ಟಿ ಬೋರ್ಸೊಕ್ ತಿಂದೆ. ಅಲ್ಲಿಂದ ಮೇಷ್ಟರ ಮನೆಯಲ್ಲಿ ಲಗ್ಮಾನ್. ಆಮೇಲೆ ನಮ್ಮಲ್ಲಿ ಪಲಾವ್. ನೀನು ಯಾವ ಸರದಿಯಲ್ಲಿ ಉಂಡೆಯೋ ಮರಗಳು ಅದೇ ಸರದಿಯಲ್ಲಿ ಕಪ್ಪಾದವು. ಎಲ್ಲಿ ಚಹಾ ಕುಡಿಯದೆ ಎದ್ದೆಯೋ ಅಲ್ಲಿಯ ಮರ ಉಳಿಯಿತು. ನೀನು ಮುಟ್ಟದೆ ಬಿಟ್ಟ ಅಮ್ಮನ ಸೇಬು ಉಳಿಯಿತು. ಆ ಹೆದ್ದಾರಿ ತೋಟದ ಅಂಟು ಸುರಿಸುವ ಸಸಿಗಳ ಬಗ್ಗೆ ನೀನೇ ಬರೆದಿದ್ದೀಯ.

ಇದನ್ನು ನಿನಗೆ ಹೇಗೆ ಹೇಳಲಿ? ಗಣಿಯವರು ಕೈಬಿಟ್ಟ ಮೇಲೆ, ಕಿವಿ ಹೋದ ಮೇಲೆ, ಊರೂರಿನವರು ನಿನ್ನನ್ನು ಕರೆದು ಕೂರಿಸಿ ಉಣಿಸುವುದು ಆ ಕೈಗಾಗಿ. ಅದನ್ನೂ ನಾನೇ ಕಿತ್ತುಕೊಳ್ಳಬೇಕೇ? ಬರಬೇಡ ಎಂದರೆ ಸಾಕು, ಉಳಿದದ್ದು ತನ್ನಷ್ಟಕ್ಕೆ ಸರಿಹೋಗುತ್ತದೆ ಎಂದುಕೊಂಡೆ.

ಸರಿಹೋಗಲಿಲ್ಲ. ನಾಳೆ ಶುಕ್ರವಾರ, ನಮಾಜು ಮುಗಿದ ಮೇಲೆ ಬೀದಿಯ ಗಂಡಸರು ಕಲಿಪಾಳ ಮರ ಕಡಿಯುತ್ತಾರಂತೆ. ಆ ಮರ ನಿಂತಿರುವವರೆಗೆ ಬೇರೆಯವು ಏಳುವುದಿಲ್ಲ ಎಂದು ತೀರ್ಮಾನವಾಗಿದೆ. ಅವಳು ಮಗಳ ಊರಿಗೆ ಹೋಗಲು ಗಂಟು ಕಟ್ಟಿದ್ದಾಳೆ. ಅವಳು ಮಾಡಿದ ತಪ್ಪೆಂದರೆ ಚಾಕು ತೊಳೆ ಎಂದದ್ದು.

ನೀನು ಇದನ್ನು ಓದುವ ಹೊತ್ತಿಗೆ ನಾನು ಎಲ್ಲರೆದುರು ನಿನ್ನ ಹೆಸರು ಹೇಳಿರುತ್ತೇನೆ. ಕ್ಷಮಿಸುವುದಾದರೆ ಕ್ಷಮಿಸು. ಆದರೆ ಆ ಚಾಕು ಹಿಡಿದು ಬರಬೇಡ. ಬಂದರೆ ಕೊಟ್ಟಿಗೆಯ ಗೋಡೆಯ ಮೇಲೆ ನಾನೇ ಕೂತಿರುತ್ತೇನೆ.

ಅನಾರ್


ಟೋರ್-ಬುಲಾಕ್
ಸೆಪ್ಟೆಂಬರ್ ೧೨

ಅಣ್ಣಾ,

ಕಾಗದವನ್ನು ನಿನ್ನ ಕೈಗೇ ಕೊಟ್ಟೆ ಎಂದು ಜಾನಿಬೆಕ್ ಆಣೆ ಹಾಕುತ್ತಾನೆ. ಕೂತುಕೋ ಎಂದು ಬರೆದಿದ್ದೆ, ನೀನು ಬೀದಿಯಲ್ಲಿ ನಿಂತೇ ಓದಿದೆಯಂತೆ. ಆಮೇಲೆ ಅವನಿಗೆ ಚಹಾಕ್ಕೂ ಹೇಳದೆ ಒಳಗೆ ಹೋದೆಯಂತೆ. ಅದಾದ ಮೇಲೆ ಅವನು ಎರಡು ಸಲ ಆ ಕಡೆ ಬಂದಿದ್ದ. ಮನೆಗೆ ಬೀಗ. ಅತ್ತಿಗೆ ತನ್ನ ತಂಗಿಯ ಮನೆಯಲ್ಲಿದ್ದಾಳೆ, ನೀನೆಲ್ಲಿ ಎಂದರೆ ಅವಳು ಮುಖ ತಿರುಗಿಸುತ್ತಾಳಂತೆ. ಬೈಯುವುದಾದರೆ ಬೈದು ಬರಿ. ಈ ಬೀಗ ಬೇಡ.

ಶುಕ್ರವಾರ ಏನಾಯಿತೆಂದು ನೀನು ಕೇಳದಿದ್ದರೂ ಬರೆಯುತ್ತೇನೆ. ಗರಗಸ ಹಿಡಿದು ಬಂದವರಲ್ಲಿ ನನ್ನ ಗಂಡನೂ ಇದ್ದ. ನಾನು ಕಲಿಪಾಳ ಬಾಗಿಲಿಗೆ ಅಡ್ಡ ನಿಂತೆ. “ಈ ಮರ ಕಡಿಯೋದಾದ್ರೆ ಮೊದ್ಲು ನಮ್ಮಣ್ಣನ ಕೈ ಕಡೀರಿ,” ಎಂದೆ. “ಕಾಯಿಲೆ ತಂದದ್ದು ಅವನ ಚಾಕು. ಅವನು ಉಂಡ ಮನೆ ಒಂದೊಂದೇ ಎಣಿಸಿಕೊಂಡು ಬನ್ನಿ, ಗೊತ್ತಾಗುತ್ತೆ.”

ಮೇಷ್ಟರು ಬೆರಳು ಮಡಚಿ ಎಣಿಸಿದರು, ಆಮೇಲೆ ತಲೆ ಎತ್ತಲಿಲ್ಲ. ಸತ್ತಾರ್ ತಾತ ಮಾತ್ರ ಒಪ್ಪಲಿಲ್ಲ, ಅಣ್ಣನ ಮೇಲೆ ಇವಳಿಗೆ ಏನೋ ಹೊಟ್ಟೆಕಿಚ್ಚು ಎಂದ. ಆಮೇಲೆ ತಾನೇ ಗರಗಸ ಎತ್ತಿಕೊಂಡು ಮನೆಗೆ ಹೋಗಿ ತನ್ನ ಮರ ಕಡಿದು ಬೆಂಕಿ ಹಾಕಿದ. ಈಗ ನಮ್ಮ ಬೀದಿಯಲ್ಲಿ ಎಲ್ಲ ಮೋಟುಗಳು. ಅತ್ತೆ ಒಂದು ವಾರ ನನ್ನ ಕೈ ಅಡುಗೆ ಉಣ್ಣಲಿಲ್ಲ, ತೌರಿನ ಮಾನ ಬೀದಿಗೆ ಚೆಲ್ಲಿದವಳು ಎಂದು. ಕಲಿಪಾ ನನಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಕಟ್ಟಿದ ಗಂಟು ಬಿಚ್ಚಿದಳು, ಅಷ್ಟೇ. ನೀರಿನ ಸರದಿ ಮತ್ತೆ ಕೊಟ್ಟಿದ್ದಾರೆ.

ಅಮ್ಮನ ಸೇಬಿನಲ್ಲಿ ಮೊನ್ನೆ ಒಂದು ರೆಂಬೆ ಕಪ್ಪಾಗಿತ್ತು. ಮೊಳಕೈ ಉದ್ದ ಕೆಳಗೆ ಕತ್ತರಿಸಿ ಸುಟ್ಟೆ. ಪ್ರತಿ ಕೊಯ್ತಕ್ಕೂ ಗರಗಸವನ್ನು ಕುದಿನೀರಿಗೆ ಹಾಕಿದೆ. ಉಳಿಯುತ್ತದೋ ಇಲ್ಲವೋ ವಸಂತಕ್ಕೆ ತಿಳಿಯುತ್ತದೆ. ದಿನವೂ ಎದ್ದ ಕೂಡಲೇ ಅದರ ಬಳಿ ಹೋಗುತ್ತೇನೆ, ಹೋಗಲು ಭಯ.

ಬರಿ ಅಣ್ಣಾ.

ಅನಾರ್


ಜಂಗಾಕ್-ಸಾಯ್
ಅಕ್ಟೋಬರ್ ೨೮

ಅನಾರ್,

ಬೈದು ಬರಿ ಎಂದಿದ್ದೀಯ. ಬೈಯುತ್ತೇನೆ.

ಎಲ್ಲರೆದುರು ನನ್ನ ಹೆಸರು ಹೇಳಿದ್ದಕ್ಕಲ್ಲ. ಅದು ಸರಿ. ಮೊದಲ ದಿನ ನಿನ್ನ ಕಾಗದ ಹರಿದು ಒಲೆಗೆ ಹಾಕಿದೆ. ಹೆಣ್ಣಿನ ಮಾತು ಎಂದೆ, ಜಿಲ್ಲೆಯ ಆ ಚೋಟುದ್ದದ ಹುಡುಗಿಗೆ ಏನು ಗೊತ್ತು ಎಂದೆ. ಮಾರನೆಯ ದಿನ ನನ್ನ ಮೂಲೆಯ ಮರಗಳ ತೊಗಟೆ ಸವರಿದೆ. ಬೆರಳಿಗೆ ಅಂಟು ಹತ್ತಿತು. ಬಿಸಿಗಾಳಿಗೆ ಅಂಟು ಬರುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು ಅನಾರ್. ಗೊತ್ತಿದ್ದೂ ನೋಡಿರಲಿಲ್ಲ.

ನಾನು ಬೈಯುವುದು ಆ ಛಾವಣಿಗೆ. ನಿನಗೆ ಜೂನ್ ಕೊನೆಗೇ ಗೊತ್ತಿತ್ತು. ಆಗ ಬರೆಯಲಿಲ್ಲ. ಬರಬೇಡ ಎಂದೆ, ಬೆನ್ನು ನೋವು ಎಂದೆ. ನನಗೆ ರೋಷ ಬಂತು. ತಂಗಿಗೆ ಬೇಡವಾದ ಕೈ ಬೇಕೆನ್ನುವವರು ಇದ್ದಾರೆ ಎಂದು ತೋರಿಸಲು ಅದೇ ವಾರ ಮೇಲಿನ ಹಳ್ಳಿಗೆ ಹೋದೆ. ಅಲ್ಲಿ ಒಂದು ಬೀದಿಯೂ ಬಿಡದೆ ಕಣ್ಣು ಹಾಕಿದೆ. ಕಡ್ಡಿ ಬಾಯಲ್ಲಿ, ಚಾಕು ಟೋಪಿಗೆ. ನಿನ್ನ ಮೇಲಿನ ಸಿಟ್ಟಿಗೆ ಎಂದಿಗಿಂತ ಚೆನ್ನಾಗಿ ಕೈ ಓಡಿತು. ನನ್ನ ಮನಸ್ಸು ನೋಯಬಾರದೆಂದು ನೀನು ಸುಮ್ಮನಿದ್ದೆ. ಮೇಲಿನ ಹಳ್ಳಿ ಹೋಯಿತು.

ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಇಷ್ಟು ದಿನ ಯೋಚಿಸಿದೆ. ನೀನು ಬಚ್ಚಿಟ್ಟ ಹಾಗೆ ನಾನೂ ಬಚ್ಚಿಡಬಹುದಿತ್ತು. ಬೇಡ, ಸಾಕು.

ಮನೆಗೆ ಬೀಗ ಯಾಕೆಂದು ಕೇಳಿದ್ದೀಯ. ಗರಗಸ ಹೊತ್ತು ಕಸಿ ಕಟ್ಟಿದ ಮನೆಮನೆಗೆ ಹೋಗಿದ್ದೆ. ಬಾಗಿಲು ಬಡಿಯುವುದು, ನಿಮ್ಮ ಮರ ಕೊಂದವನು ನಾನೇ ಎನ್ನುವುದು, ಕಡಿಯುವುದು, ಸುಡುವುದು. ಕಿವಿ ಇಲ್ಲದ್ದರಿಂದ ಬೈಗುಳ ಕೇಳಿಸಲಿಲ್ಲ. ಬಾಯಿ ಮಾತ್ರ ಕಾಣಿಸುತ್ತಿತ್ತು. ಮೇಲಿನ ಹಳ್ಳಿಯ ಒಬ್ಬ ಮುದುಕಿ ಬೈಯಲೂ ಇಲ್ಲ, ನಾನು ಕಡಿದು ಮುಗಿಸುವವರೆಗೆ ಮರದ ಬುಡದಲ್ಲಿ ಕೂತು ಅತ್ತಳು. ತುರ್ಸುನಾಯ್ ಅವಮಾನ ತಾಳದೆ ತಂಗಿಯ ಮನೆಗೆ ಹೋಗಿದ್ದಳು. ಈಗ ಬಂದಿದ್ದಾಳೆ.

ಚಾಕು ಕುದಿಸಿದೆ. ಅವಳ ಮಾಂತಿ ಕಡುಬು ಬೇಯಿಸುವ ಪಾತ್ರೆಯಲ್ಲೇ, ನನ್ನ ಕೈಯಾರೆ. ಅಪ್ಪನ ಮುಖ ಕಣ್ಣೆದುರು ಬಂತು. ನೀರಿನ ಮೇಲೆ ಕರಿ ಜಿಡ್ಡು ತೇಲಿತು, ಅಜ್ಜನ ಕಾಲದಿಂದ ಕೈಗುಣವೆಂದು ಕಾಪಾಡಿಕೊಂಡು ಬಂದದ್ದು ಅದೇ. ಕೊಂಬಿನ ಹಿಡಿ ಬಿರುಕು ಬಿಟ್ಟಿದೆ. ಅಲಗು ಹರಿತವಾಗೇ ಇದೆ.

ಅದನ್ನು ಜಾನಿಬೆಕ್ ಜೊತೆ ನಿನಗೆ ಕಳಿಸಿದ್ದೇನೆ. ನನ್ನ ಕೈ ಇನ್ನು ಮರ ಮುಟ್ಟುವುದಿಲ್ಲ. ಅಮ್ಮನ ಸೇಬು ಚಳಿಗಾಲ ದಾಟಿದರೆ, ಮೊದಲ ಕಡ್ಡಿ ಕಲಿಪಾಳ ಮರಕ್ಕೆ. ನೀನೇ ಕಟ್ಟು. ಚಿಕ್ಕವಳಿದ್ದಾಗ ನನ್ನ ಪಕ್ಕ ಕೂತು ನೋಡಿದ್ದೀಯ, ಬರುತ್ತದೆ. ಇಳಿಜಾರಾಗಿ ಒಂದೇ ಎಳೆತಕ್ಕೆ ಕೊಯ್ಯಿ, ಎರಡನೆಯ ಸಲ ಕೈ ಆಡಿಸಬೇಡ. ತೊಗಟೆಗೆ ತೊಗಟೆ ಕೂಡಬೇಕು. ಕಡ್ಡಿಯನ್ನು ಬಾಯಲ್ಲಿ ಇಟ್ಟುಕೊಳ್ಳಬೇಡ.

ತೆಶೆಬಾಯ್


ಟೋರ್-ಬುಲಾಕ್
ಏಪ್ರಿಲ್ ೨೨, ೨೦೧೪

ಅಣ್ಣಾ,

ನಿನ್ನ ಕಾಗದವನ್ನು ಚಳಿಗಾಲವೆಲ್ಲ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಎಷ್ಟೋ ಸಲ ಉತ್ತರ ಬರೆಯಲು ಕೂತು ಎದ್ದೆ. ಮೇಲಿನ ಹಳ್ಳಿಯ ಆ ಮುದುಕಿ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಆ ತಪ್ಪು ನನ್ನದು. ಅವಳ ಹೆಸರು ಬರೆದು ಕಳಿಸು.

ಅಮ್ಮನ ಸೇಬು ಉಳಿದಿದೆ. ಅರ್ಧ ಮರ ಕಡಿದೆ, ಉಳಿದರ್ಧ ಹೂ ಬಿಡುತ್ತಿದೆ. ಕೊಂಬೆ ಕೊಂಬೆಯ ತೊಗಟೆಯನ್ನೂ ಬೆರಳಲ್ಲಿ ಸವರಿದೆ, ಅಂಟಿಲ್ಲ. ಆ ಡಾಕ್ಟರು ಹುಡುಗಿಯೂ ಬಂದು ನೋಡಿ, ಇದರಿಂದ ಕಡ್ಡಿ ತೆಗೆಯಬಹುದು ಎಂದಳು. ಹೂ ಬಿಡುವ ಮುಂಚೆಯೇ ತೆಗೆದು ನೆಲಮಾಳಿಗೆಯ ಮರಳಲ್ಲಿ ಹೂತಿಟ್ಟಿದ್ದೆ.

ನಿನ್ನೆ ಚಾಕು ತೆಗೆದುಕೊಂಡು ಕಲಿಪಾಳ ಬಾಗಿಲಿಗೆ ಹೋದೆ. ನಿನ್ನ ಹೆಸರು ಎತ್ತಲಿಲ್ಲ, ಆದರೂ ಹಿಡಿ ನೋಡಿಯೇ ಗುರುತು ಹಿಡಿದಳು. ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು. ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು. ನಾನು ಬರುತ್ತೇನೆಂದು ಅವಳಿಗೆ ಯಾರು ಹೇಳಿದರೋ. ಇಕ್ಕಳದಲ್ಲಿ ಎತ್ತಿ, ಬಿಳಿ ಬಟ್ಟೆಯ ಮೇಲಿಟ್ಟು ತಂದುಕೊಟ್ಟಳು. ನಾನು ಕೊಯ್ದೆ. ಮೊದಲನೆಯದು ಸೊಟ್ಟಗಾಯಿತು. ಎರಡನೆಯ ಸಲ ಕೈ ಆಡಿಸಬೇಡ ಎಂದಿದ್ದೆ, ಅದಕ್ಕೆ ಆ ಕಡ್ಡಿ ಎಸೆದು ಬೇರೆ ತೆಗೆದೆ. ಪ್ರತಿ ಸಲವೂ ಚಾಕು ಅವಳ ಪಾತ್ರೆಗೆ ಹೋಗಿ ಬಂತು. ಎಳೆದು ಕಟ್ಟಿ ಮೇಣ ಮೆತ್ತಿದೆ. ಸತ್ತಾರ್ ತಾತ ಬೇಲಿಯಾಚೆ ನಿಂತು ಎಲ್ಲ ನೋಡಿದ. ತನ್ನ ಅಂಗಳಕ್ಕೂ ಒಂದು ಕಡ್ಡಿ ಇದೆಯೇ ಎಂದು ಕೊನೆಗೆ ಕೇಳಿದ.

ಕಲಿಪಾ ಚಹಾ ಕೊಟ್ಟಳು. ಕುಡಿದೆ. ಬಟ್ಟಲು ತೊಳೆಯುತ್ತ ನನಗೆ ಬೆನ್ನು ಮಾಡಿಕೊಂಡು ಹೇಳಿದಳು:

“ನಿಮ್ಮಣ್ಣನ ಚಹಾ ಇನ್ನೂ ಇಲ್ಲೇ ಬಾಕಿ ಇದೆ. ಮುಂದಿನ ವರ್ಷ ಬರೋದಾದ್ರೆ ಬರ್ಲಿ. ಪಾತ್ರೆ ನಾನೇ ಒಲೆ ಮೇಲೆ ಇಟ್ಟಿರ್ತೀನಿ.”

ಇದನ್ನು ನಾನು ಫೋನಿನಲ್ಲಿ ಕಿರುಚಲು ಆಗುವುದಿಲ್ಲ, ಅದಕ್ಕೇ ಬರೆದೆ. ಚಾಕು ನನ್ನ ಹತ್ತಿರವೇ ಇದೆ. ಬಂದು ತೆಗೆದುಕೋ.

ಅನಾರ್